ಗ್ರೀನ್ ಟೀ, ಸೋನಾ ಮಸೂರಿ ಮತ್ತು ನಮ್ಮನೆಯ ಮೂರು ಹೊಟ್ಟೆಗಳು

ಕಳೆದ ಸಂಕ್ರಾಂತಿಗೆ ಸಿರುಗುಪ್ಪಕ್ಕೆ ಹೋದಾಗ ಬ್ಯಾಗಲ್ಲಿ ಒಂದು ಡಬ್ಬಿ ಗ್ರೀನ್ ಟೀ ಇಟ್ಟುಕೊಂಡು ಹೋಗಿದ್ದೆ. ಬೆಳಿಗ್ಗೆ ಪಡಸಾಲೆಯಲ್ಲಿ ಕೂತು ಬಿಸಿನೀರಿಗೆ ಆ ಪುಟ್ಟ ಚೀಲ ಅದ್ದುತ್ತಿದ್ದೆ. ಅಜ್ಜಿ ಹತ್ತಿರ ಬಂದು ಲೋಟದೊಳಗೆ ಇಣುಕಿದಳು.

"ಯಾಕಪ್ಪ, ಜ್ವರ ಬಂದಾವೇನು? ಕಷಾಯ ಕುಡಿಯಾಕತ್ತೀ."

ಇಲ್ಲಜ್ಜಿ, ಹೊಟ್ಟೆ ಕರಗಿಸೋಕೆ ಅಂದೆ. ಅಜ್ಜಿ ನನ್ನ ಹೊಟ್ಟೆಯನ್ನೊಮ್ಮೆ ನೋಡಿದಳು, ಲೋಟವನ್ನೊಮ್ಮೆ ನೋಡಿದಳು. "ಹೊಟ್ಟಿ ತುಂಬಲಿ ಅಂತ ನಿಮ್ಮಪ್ಪನ್ನ ಸಾಕೋದ್ರಾಗ ನಾ ಸವದು ಹೋದ್ನಿ. ನೀ ನೋಡಿದ್ರ ಕರಗಸಾಕ ರೊಕ್ಕ ಕೊಡ್ತೀ!" ಅಂತ ಹೇಳಿ ಹಿತ್ತಲಿಗೆ ಹೋದಳು.

ಅವತ್ತು ನಕ್ಕುಬಿಟ್ಟೆ. ಆದ್ರೆ ಆ ಮಾತು ತಲೆಯಿಂದ ಹೋಗಲಿಲ್ಲ. ಯಾಕಂದ್ರೆ ಆ ಡಬ್ಬಿ ಕೊಳ್ಳೋ ಒಂದು ವಾರದ ಹಿಂದೆ ಆಫೀಸಿನ ವಾರ್ಷಿಕ ತಪಾಸಣೆಯ ರಿಪೋರ್ಟ್ ಬಂದಿತ್ತು. ವಯಸ್ಸು 29, ಬಿಎಂಐ 24.4, ಸೊಂಟದ ಸುತ್ತಳತೆ 95 ಸೆಂ.ಮೀ., ಲಿವರ್ ಸುತ್ತ ಕೊಬ್ಬು, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸೋ ಎಚ್‌ಬಿಎ1ಸಿ 6.0. ಅಂದ್ರೆ ಇನ್ನೂ ಸಕ್ಕರೆ ಕಾಯಿಲೆ ಅಲ್ಲ, ಆದ್ರೆ ಬಾಗಿಲಲ್ಲಿ ಬಂದು ಚಪ್ಪಲಿ ಬಿಡ್ತಾ ಇದೆ. ಅಪ್ಪನಿಗೆ 54. ಎಂಟು ವರ್ಷದಿಂದ ಶುಗರ್, ಈಗ ಪಾದ ಜೋಮು ಹಿಡಿಯುತ್ತೆ ಅಂತಾರೆ. ಅಜ್ಜಿಗೆ ಎಂಬತ್ತು ದಾಟಿದೆ. ಕಡ್ಡಿ ಹಾಗೆ ಇದ್ದಾಳೆ, ಶುಗರೂ ಇಲ್ಲ, ಬಿಪಿ ಮಾತ್ರೆಯೂ ಇಲ್ಲ.

ಒಂದೇ ಮನೆ, ಒಂದೇ ರಕ್ತ, ಮೂರು ತಲೆಮಾರು. ಪ್ರೋಗ್ರಾಮ್ ಕೆಟ್ಟರೆ ನಾವೇನು ಮಾಡ್ತೀವಿ? ಹಳೇ ಆವೃತ್ತಿಗಳನ್ನೆಲ್ಲ ತೆಗೆದು, ಯಾವ ದಿನದ ಬದಲಾವಣೆಯಲ್ಲಿ ತಪ್ಪು ಒಳಗೆ ಬಂತು ಅಂತ ಹುಡುಕ್ತೀವಿ. ಹಾಗೇ ನಮ್ಮೂರ ಊಟದ ಹಳೇ ಆವೃತ್ತಿಗಳನ್ನ ಹುಡುಕುತ್ತಾ ಹೋದೆ. ಸಿಕ್ಕಿದ್ದನ್ನ ಇಲ್ಲಿ ಬರೀತಿದ್ದೀನಿ. ನಾನು ವೈದ್ಯನೂ ಅಲ್ಲ, ಇತಿಹಾಸಕಾರನೂ ಅಲ್ಲ ಅನ್ನೋದನ್ನ ಮೊದಲೇ ಹೇಳಿಬಿಡ್ತೀನಿ.

ಮೊದಲು ಒಂದು ಗೊಂದಲ. ಬಿಎಂಐ 24.4 ಅಂದ್ರೆ ಅಮೆರಿಕದ ಪಟ್ಟಿಯಲ್ಲಿ ನಾನು ಆರೋಗ್ಯವಂತ. ನಮ್ಮ ಪಟ್ಟಿ ಬೇರೆ. ಏಷ್ಯಾದವರಿಗೆ 23ರಿಂದಲೇ ಎಚ್ಚರ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ ಹೇಳಿದರು. ಭಾರತದ ವೈದ್ಯರು 25 ದಾಟಿದರೆ ಬೊಜ್ಜು ಅಂತಲೇ ಲೆಕ್ಕ ಹಾಕ್ತಾರೆ. ಸೊಂಟ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ದಾಟಬಾರದು. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ಅದೇ 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮದೇ ಫೋಟೋ ಹಾಕಿದ್ದರು. ಇಬ್ಬರ ಬಿಎಂಐ ಕೂಡ 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಮೈಯಲ್ಲಿ ಶೇ. 21.2! ನೋಡೋಕೆ ಸಣ್ಣ, ಒಳಗೆ ಕೊಬ್ಬು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗಡಿಗೆ. ನಮ್ಮೂರ ಬಸ್‌ಸ್ಟ್ಯಾಂಡಲ್ಲಿ ಹತ್ತು ನಿಮಿಷ ನಿಂತರೆ ಇಂಥ ಯಾಜ್ಞಿಕರು ಹತ್ತು ಜನ ಸಿಗ್ತಾರೆ.

ಈಗ ಊಟಕ್ಕೆ ಬರೋಣ. ತೀರಾ ಹಿಂದಕ್ಕೆ ಹೋದರೆ ನಮ್ಮ ತಾಲ್ಲೂಕಿನಲ್ಲೇ ತೆಕ್ಕಲಕೋಟೆ ಇದೆ. ಅಲ್ಲಿನ ಗುಡ್ಡಗಳಲ್ಲಿ 1963-64ರಲ್ಲಿ ಎಂ. ಎಸ್. ನಾಗರಾಜರಾವ್ ಮತ್ತು ಕೆ. ಸಿ. ಮಲ್ಹೋತ್ರಾ ಅಗೆದು ನವಶಿಲಾಯುಗದ ಊರನ್ನ ಹೊರತೆಗೆದರು. ನಾನು ಸ್ಕೂಲಲ್ಲಿದ್ದಾಗ ಆ ಗುಡ್ಡದ ಪಕ್ಕದಲ್ಲೇ ಬಸ್ಸಲ್ಲಿ ಓಡಾಡಿದ್ದೀನಿ, ಒಬ್ಬ ಮೇಷ್ಟ್ರೂ ಹೇಳಲಿಲ್ಲ ಅನ್ನೋದು ಬೇರೆ ಮಾತು. ಬಳ್ಳಾರಿ ಹತ್ತಿರದ ಸಂಗನಕಲ್ಲಿನ ಬೂದಿ ಮಣ್ಣು ಸೋಸಿ ಸುಟ್ಟ ಕಾಳುಗಳನ್ನ ಹೆಕ್ಕಿದವರು ಡೋರಿಯನ್ ಫುಲ್ಲರ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು. ಸುಮಾರು ನಾಲ್ಕು ಸಾವಿರ ವರ್ಷದ ಹಿಂದೆ ಈ ಕಡೆಯ ಜನ ಮುಖ್ಯವಾಗಿ ತಿಂತಿದ್ದದ್ದು ಕೊರಲೆ, ನವಣೆಯ ಜಾತಿಯ ಇನ್ನೊಂದು ಕಿರುಧಾನ್ಯ, ಹೆಸರು, ಹುರುಳಿ. ನಮ್ಮ ಜೋಳ ಕೂಡ ಆಮೇಲೆ ಆಫ್ರಿಕಾದಿಂದ ಬಂದದ್ದು. ಧಾನ್ಯದ ಪಕ್ಕ ಯಾವಾಗಲೂ ಒಂದು ಕಾಳು ಇತ್ತು ಅನ್ನೋದನ್ನ ನೆನಪಿಡಿ, ಇದು ಮುಂದೆ ಬೇಕಾಗುತ್ತೆ.

ಅಲ್ಲಿಂದ ಒಂದೇ ಜಿಗಿತಕ್ಕೆ 1876.

ಆಗ ಬಳ್ಳಾರಿ ಜಿಲ್ಲೆ ಮದರಾಸು ಪ್ರಾಂತ್ಯದಲ್ಲಿತ್ತು. ಆ ವರ್ಷ ಮಳೆ ಕೈಕೊಟ್ಟಿತು. 1878ರವರೆಗೆ ದಕ್ಷಿಣ ಭಾರತವನ್ನ ಆ ಬರ ತಿಂದುಹಾಕಿತು. ಮದರಾಸು ಪ್ರಾಂತ್ಯದಲ್ಲಿ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ನಮ್ಮದೂ ಒಂದು. 1877ರ ಜನವರಿ 1ರಂದು ದೆಹಲಿಯಲ್ಲಿ ವೈಸ್‌ರಾಯ್ ಲಿಟ್ಟನ್ ದರ್ಬಾರು ನಡೆಸಿ ವಿಕ್ಟೋರಿಯಾ ರಾಣಿಯನ್ನ ಭಾರತದ ಚಕ್ರವರ್ತಿನಿ ಅಂತ ಸಾರಿದ. ಅದೇ ತಿಂಗಳು ಸರ್ ರಿಚರ್ಡ್ ಟೆಂಪಲ್‌ನನ್ನ ಮದರಾಸಿಗೆ ಕಳಿಸಿದ. ಕೆಲಸ ಏನು? ಬರ ಪರಿಹಾರದ ಖರ್ಚು ಇಳಿಸೋದು. ಪರಿಹಾರ ಕಾಮಗಾರಿಯಲ್ಲಿ ದಿನವಿಡೀ ದುಡಿದ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಕೊಳ್ಳುವಷ್ಟು, ಅದರ ಮೇಲೆ ಒಂಚೂರು ಪುಡಿಕಾಸು, ಇಷ್ಟೇ ಕೂಲಿ ಅಂತ ಟೆಂಪಲ್ ಗೊತ್ತು ಮಾಡಿದ. ಇದಕ್ಕೆ 'ಟೆಂಪಲ್ ಕೂಲಿ' ಅಂತಲೇ ಹೆಸರು ಬಿತ್ತು.

ಒಂದು ಪೌಂಡ್ ಅಂದ್ರೆ ಸುಮಾರು 450 ಗ್ರಾಂ. ಲೆಕ್ಕ ಹಾಕಿದೆ. ಹೆಚ್ಚೂ ಕಡಿಮೆ 1,550 ಕ್ಯಾಲೊರಿ. ಕುರ್ಚಿಯಲ್ಲಿ ಕೂತು ಕೀಬೋರ್ಡ್ ಕುಟ್ಟೋ ನನಗೇ ಅದು ಸಾಲೋದಿಲ್ಲ. ಬಿಸಿಲಲ್ಲಿ ಕಲ್ಲು ಒಡೆಯೋನಿಗೆ ಅದರ ಎರಡರಷ್ಟಾದರೂ ಬೇಕು. ಮದರಾಸಿನ ಸ್ಯಾನಿಟರಿ ಕಮಿಷನರ್ ಆಗಿದ್ದ ಡಾ. ಕಾರ್ನಿಶ್ ಇದನ್ನ ಬಲವಾಗಿ ವಿರೋಧಿಸಿದರು. ಇಷ್ಟರಲ್ಲಿ ಮನುಷ್ಯ ನಿಧಾನವಾಗಿ ಸಾಯ್ತಾನೆ, ಧಾನ್ಯ ಹೆಚ್ಚಿಸಿ, ಜೊತೆಗೆ ಬೇಳೆ ತರಕಾರಿಯೂ ಬೇಕು ಅನ್ನೋದು ಅವರ ವಾದ. ಕೆಲವು ತಿಂಗಳಲ್ಲಿ ಮದರಾಸು ಸರ್ಕಾರ ಕೂಲಿ ಏರಿಸಿತು, ಅಷ್ಟರಲ್ಲಿ ಹೋಗೋ ಜೀವ ಹೋಗಿದ್ದವು. 1881ರ ಜನಗಣತಿಯಲ್ಲಿ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ ಕುಸಿದಿತ್ತು.

ನನಗೆ ಇಲ್ಲಿ ಮೈ ಜುಂ ಅಂದದ್ದು ಏನು ಗೊತ್ತಾ? ಬರೀ ಧಾನ್ಯ ಊಟ ಅಲ್ಲ, ಬೇಳೆಯೂ ಬೇಕು ಅಂತ 1877ರಲ್ಲಿ ನಮ್ಮ ಪ್ರಾಂತ್ಯದ ಒಬ್ಬ ವೈದ್ಯ ಸರ್ಕಾರದ ಜೊತೆ ಜಗಳ ಆಡಿದ್ದ. ಹಸಿದು ಸಾಯುವವರ ಪರವಾಗಿ ಅವನು ಹೇಳಿದ ಮಾತನ್ನೇ ಈಗ ಡಯಟಿಷಿಯನ್ ಹೊಟ್ಟೆ ಬಂದಿರೋ ನನಗೆ ಹೇಳ್ತಿದ್ದಾಳೆ.

ಬ್ರಿಟಿಷರ ಬರಗಾಲಗಳಿಂದಲೇ ಭಾರತೀಯರಿಗೆ ಸಕ್ಕರೆ ಕಾಯಿಲೆ ಬಂತು ಅನ್ನೋ ವಾಟ್ಸಾಪ್ ಸಂದೇಶ ನಿಮಗೂ ಬಂದಿರಬಹುದು. ನಾನೂ ಮೊದಲು ನಂಬಿದ್ದೆ. ಬರಗಾಲ ದಾಟಿ ಉಳಿದ ಮೈ ಸಿಕ್ಕಿದ್ದನ್ನೆಲ್ಲ ಕೊಬ್ಬಾಗಿ ಕೂಡಿಡುತ್ತೆ ಅನ್ನೋ ಊಹೆಯನ್ನ ಜೇಮ್ಸ್ ನೀಲ್ 1962ರಲ್ಲೇ ಮುಂದಿಟ್ಟಿದ್ದರು, ಅದರ ಮೇಲೆ ಇವತ್ತಿಗೂ ಜಗಳ ನಿಂತಿಲ್ಲ. ಆದ್ರೆ 2019ರಲ್ಲಿ ಬಂದ ಒಂದು ಅಧ್ಯಯನ ದಕ್ಷಿಣ ಏಷ್ಯಾದ ಹಳೇ ಎಲುಬುಗಳನ್ನ ಅಳೆದು, ನಮ್ಮಲ್ಲಿ ಮಾಂಸಖಂಡ ಕಡಿಮೆ ಇರೋ ಮೈಕಟ್ಟು ಕನಿಷ್ಠ 11,000 ವರ್ಷ ಹಳೆಯದು ಅಂತ ತೋರಿಸಿತು. ಅಂದ್ರೆ ತೆಕ್ಕಲಕೋಟೆಯವರಿಗಿಂತಲೂ ಹಿಂದಿನದು. ಟೆಂಪಲ್ ಮೇಲೆ ಹೊರಿಸಬೇಕಾದ ಪಾಪ ಬೇಕಾದಷ್ಟಿದೆ, ನನ್ನ ಸೊಂಟವನ್ನೂ ಅವನ ತಲೆಗೆ ಕಟ್ಟೋದು ಬೇಡ. ಬರ ಬಿಟ್ಟು ಹೋದದ್ದು ರಕ್ತದಲ್ಲಿ ಅನ್ನೋದಕ್ಕಿಂತ ಮನಸ್ಸಿನಲ್ಲಿ ಅಂತ ನನಗನ್ನಿಸುತ್ತೆ. ತಟ್ಟೆ ತುಂಬ ಇರಬೇಕು, ಬೇಡ ಅಂದ್ರೂ ಇನ್ನೊಂದು ಸೌಟು ಹಾಕಬೇಕು. ನಮ್ಮ ಕಡೆ ಅದೇ ಮರ್ಯಾದೆ.

ತುಂಗಭದ್ರೆಗೆ ಅಣೆಕಟ್ಟು ಬೇಕು ಅನ್ನೋ ಮಾತು ಸರ್ ಆರ್ಥರ್ ಕಾಟನ್ ಕಾಲದಿಂದ, ಅಂದ್ರೆ 1860ರಿಂದ ಇತ್ತು. ಬರದ ಮೇಲೆ ಬರ ಬಂದಾಗಲೆಲ್ಲ ಆ ಮಾತು ಗಟ್ಟಿಯಾಯ್ತು. ಹೈದರಾಬಾದ್ ಮತ್ತು ಮದರಾಸು ಸರ್ಕಾರಗಳು ಸೇರಿ ಅಡಿಗಲ್ಲು ಹಾಕಿದ್ದು 1945ರ ಫೆಬ್ರವರಿ 28ರಂದು. ಕಾಲುವೆಗೆ ನೀರು ಬಿಟ್ಟಿದ್ದು 1953ರಲ್ಲಿ. ಅದೇ ವರ್ಷ ಅಕ್ಟೋಬರ್ 1ಕ್ಕೆ ಸಿರುಗುಪ್ಪ ಮೈಸೂರು ರಾಜ್ಯಕ್ಕೆ ಬಂತು. ಪಕ್ಕದ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ನೀರೂ ರಾಜ್ಯವೂ ಒಂದೇ ವರ್ಷ ಬಂದವು ಅಂತ ಅಜ್ಜಿ ಹೇಳೋದು ಸುಳ್ಳಲ್ಲ.

ಭತ್ತ ನಮಗೆ ಅಲ್ಲೀತನಕ ಗೊತ್ತೇ ಇರಲಿಲ್ಲ ಅಂತಲ್ಲ. ವಿಜಯನಗರ ಕಾಲದ ಕಾಲುವೆಗಳ ಪಟ್ಟಿಯಲ್ಲಿ ಸಿರುಗುಪ್ಪದ್ದೂ ಇದೆ, ದೇಶನೂರಿನದ್ದೂ ಇದೆ. ನದಿ ಪಕ್ಕದ ಆ ಸ್ವಲ್ಪ ಜಮೀನಿನಲ್ಲಿ ಭತ್ತ ಇತ್ತು. ಉಳಿದ ಎರೆ ಭೂಮಿಯೆಲ್ಲ ಜೋಳ, ನವಣೆ, ಹತ್ತಿ. ಹೊಸ ಯೋಜನೆಯ ಉದ್ದೇಶವೂ ಭತ್ತ ಬೆಳೆಸೋದಾಗಿರಲಿಲ್ಲ! ಬರದಿಂದ ಕಾಪಾಡೋದಕ್ಕೆ, ಇರೋ ನೀರನ್ನ ತೆಳ್ಳಗೆ ಬಹಳ ಎಕರೆಗೆ ಹಂಚಬೇಕು, ಜೋಳ ಹತ್ತಿ ಶೇಂಗಾದಂಥ ಬೆಳೆಗೆ ಒಂದೆರಡು ನೀರು ಸಿಕ್ಕರೆ ಸಾಕು ಅನ್ನೋದು ಎಂಜಿನಿಯರುಗಳ ಲೆಕ್ಕ. ಯಾವ ಸರ್ವೆ ನಂಬರಿಗೆ ಯಾವ ಬೆಳೆ ಅಂತಲೂ ಕಾಗದದಲ್ಲಿ ಗೊತ್ತು ಮಾಡಿದ್ದರು. ಕಾಗದ ಕಾಗದದಲ್ಲೇ ಉಳೀತು. ನೀರು ಕಣ್ಣ ಮುಂದೆ ಹರೀತಿರುವಾಗ ಯಾರು ಜೋಳ ಬಿತ್ತುತ್ತಾರೆ? ಬಳಕೆದಾರ ನಾವು ಅಂದುಕೊಂಡ ಹಾಗೆ ಬಟನ್ ಒತ್ತೋದಿಲ್ಲ ಅನ್ನೋದು ನಮ್ಮ ವೃತ್ತಿಯವರಿಗೆ ಚೆನ್ನಾಗಿ ಗೊತ್ತು :)

ಕರಾವಳಿ ಆಂಧ್ರದಿಂದ ರೈತರು ಬಂದು ಜಮೀನು ಕೊಂಡು 'ಕ್ಯಾಂಪ್' ಕಟ್ಟಿಕೊಂಡರು. ಸಿರುಗುಪ್ಪ, ಸಿಂಧನೂರು, ಗಂಗಾವತಿ ಕಡೆ ಊರ ಹೆಸರಿನ ಮುಂದೆ ಕ್ಯಾಂಪ್ ಅಂತ ಇರೋದೆಲ್ಲ ಹೆಚ್ಚಾಗಿ ಅವೇ. ಗದ್ದೆ ಮಟ್ಟ ಮಾಡೋದು, ನಾಟಿ ಹಾಕೋದು, ಗೊಬ್ಬರದ ಲೆಕ್ಕ ಎಲ್ಲ ಅವರಿಂದ ನಮ್ಮವರು ಕಲಿತರು. ಅಕ್ಕಿ ಗಿರಣಿಗಳು ಎದ್ದವು. ಬಾಪಟ್ಲಾದಿಂದ 1986ರಲ್ಲಿ ಬಿಡುಗಡೆಯಾದ ಬಿಪಿಟಿ 5204 ತಳಿ ಬಂದ ಮೇಲಂತೂ ಸಣ್ಣಕ್ಕಿ ಮನೆಮಾತಾಯ್ತು. ನಮ್ಮ ಕಡೆ ಅಂಗಡಿಯಲ್ಲಿ ಅದನ್ನೂ ಸೋನಾ ಮಸೂರಿ ಅಂತಲೇ ಕರೀತಾರೆ.

ಅಜ್ಜಿಯನ್ನ ಕೂಡಿಸಿಕೊಂಡು ಕೇಳಿದೆ, ನೀವು ಸಣ್ಣವರಿದ್ದಾಗ ಏನು ತಿಂತಿದ್ರಿ ಅಂತ. "ಜ್ವಾಳದ ಸಂಗಟಿ, ರೊಟ್ಟಿ, ಪುಂಡಿಪಲ್ಯ, ಹುರಳಿಕಾಳು, ಗುರೆಳ್ಳು ಚಟ್ನಿ. ಅನ್ನ ಅಂದ್ರ ಹಬ್ಬ. ಇಲ್ಲಾಂದ್ರ ಬೀಗರು ಬರಬೇಕು, ಇಲ್ಲಾಂದ್ರ ಜಡ್ಡಾಗಬೇಕು." ಎಷ್ಟು ಒಳ್ಳೇ ಊಟ ಅಜ್ಜಿ, ಈಗ ಬೆಂಗಳೂರಲ್ಲಿ ಇದಕ್ಕೇ ದುಡ್ಡು ಕೊಟ್ಟು ತಿಂತಾರೆ ಅಂದೆ. ಅಜ್ಜಿಗೆ ಸಿಟ್ಟು ಬಂತು. "ಜ್ವಾಳ ತಿಂದು ಗಟ್ಟಿ ಇದ್ದೀರಿ ಅಂತೀರಿ. ಆ ಜ್ವಾಳನರ ಸಾಲ್ತಿತ್ತೇನು? ಮಳಿ ಹೋದ ವರ್ಷ ಅಂಬಲಿ ಕುಡುದು ಮಲಗೀವಿ. ಕಾಲುವಿಗೆ ನೀರು ಬಂದಾಗ ನಮ್ಮವ್ವ ಕುಂಕುಮ ಹಾಕಿ ಕೈ ಮುಗುದಿದ್ಲು."

ನಾನು ಸುಮ್ಮನಾದೆ. ಸಿರಿಧಾನ್ಯದ ಹೊಗಳಿಕೆ ಬರೆಯೋ ನಾವೆಲ್ಲ (2023ರಲ್ಲಿ ವಿಶ್ವಸಂಸ್ಥೆಯೇ ಸಿರಿಧಾನ್ಯ ವರ್ಷ ಆಚರಿಸಿತಲ್ಲ) ಈ ಅಂಬಲಿಯ ರಾತ್ರಿಗಳನ್ನ ಮರೆತುಬಿಡ್ತೀವಿ. ಅನ್ನ ನಮ್ಮ ಮನೆಗೆ ಕಾಯಿಲೆಯಾಗಿ ಬರಲಿಲ್ಲ, ಬಿಡುಗಡೆಯಾಗಿ ಬಂತು. ನನ್ನ ಎಂಜಿನಿಯರಿಂಗ್ ಫೀಸು ಕಟ್ಟಿದ್ದೂ ಭತ್ತವೇ.

ಹಾಗಾದ್ರೆ ತಪ್ಪು ಒಳಗೆ ಬಂದದ್ದೆಲ್ಲಿ? ನನ್ನ ಪ್ರಕಾರ ಒಂದೇ ಕಡೆ ಅಲ್ಲ. ಹಬ್ಬದ ಅನ್ನ ಮೂರು ಹೊತ್ತಿನ ಅನ್ನ ಆಯ್ತು. ತಟ್ಟೆಯಲ್ಲಿ ಅನ್ನ ಬೆಟ್ಟವಾದ ಹಾಗೆ ಹುರುಳಿ, ಹೆಸರು ಅಂಚಿಗೆ ಸರಿದು ತಿಳಿಸಾರಾದವು. ಗಿರಣಿ ಅಕ್ಕಿಯನ್ನ ಮುತ್ತಿನ ಹಾಗೆ ಬೆಳ್ಳಗೆ ಮಾಡಿತು, ನಾರೂ ಸಾರವೂ ಇರೋ ತೌಡು ಎಮ್ಮೆಗೆ ಹೋಯ್ತು. (ನಮ್ಮನೆ ಎಮ್ಮೆಗಳ ರಿಪೋರ್ಟ್ ನನ್ನದಕ್ಕಿಂತ ಚೆನ್ನಾಗಿರಬಹುದು.) ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್‌ನವರು 2012ರಲ್ಲಿ ಪ್ರಕಟಿಸಿದ ಅಳತೆಯಲ್ಲಿ ಸೋನಾ ಮಸೂರಿಯ ಗ್ಲೈಸೆಮಿಕ್ ಇಂಡೆಕ್ಸ್ 72. ಊಟ ಎಷ್ಟು ಬೇಗ ರಕ್ತದಲ್ಲಿ ಸಕ್ಕರೆ ಏರಿಸುತ್ತೆ ಅನ್ನೋದಕ್ಕೆ ಇದು ಅಳತೆ, 70ರಿಂದ ಮೇಲೆ ಹೆಚ್ಚು ಅಂತ ಲೆಕ್ಕ. ಅದೇ ಹೊತ್ತಿಗೆ ಬೀಸುಕಲ್ಲು ಹೋಯ್ತು, ಎತ್ತು ಹೋಯ್ತು, ಟ್ರ್ಯಾಕ್ಟರ್, ಕೊಯ್ಲಿನ ಮಷೀನು, ಬೈಕು ಬಂದವು. ಅಪ್ಪ ಹೊಲಕ್ಕೆ ಈಗ ಬೈಕಲ್ಲಿ ಹೋಗಿ ಬದುವಿನ ಮೇಲೆ ನಿಂತು ಬರ್ತಾರೆ. ನಾನಂತೂ ಹೊಲವನ್ನೇ ಬಿಟ್ಟೆ. ದುಡಿಯೋ ಮೈಗೆ ಅಳತೆ ಮಾಡಿದ ತಟ್ಟೆ ಕೂತ ಮೈಗೂ ಹಾಗೇ ಮುಂದುವರೀತು.

ಇನ್ನು ಚಹಾ. ಇದೂ ಇತ್ತೀಚಿನದೇ. 1903ರಲ್ಲಿ ಸರ್ಕಾರ ಚಹಾ ರಫ್ತಿನ ಮೇಲೆ ಸೆಸ್ ಹಾಕಿ, ಆ ದುಡ್ಡಲ್ಲಿ ಚಹಾ ಪ್ರಚಾರ ಶುರು ಮಾಡಿತು. 1930ರ ದಶಕದ ಆರ್ಥಿಕ ಕುಸಿತದಲ್ಲಿ ರಫ್ತು ಬಿದ್ದುಹೋದಾಗ ನಮ್ಮ ಊರುಕೇರಿಗಳಲ್ಲಿ ಚಹಾ ಕುಡಿಸೋ ಪ್ರಚಾರ ಜೋರಾಯ್ತು. ಆಮೇಲೆ ಸಿಟಿಸಿ ಯಂತ್ರದ ಅಗ್ಗದ ಪುಡಿ ಬಂತು, ಕಡಕ್ ಬಣ್ಣ, ಹಾಲು ಸಕ್ಕರೆ ಎಷ್ಟು ಹಾಕಿದ್ರೂ ತಡೆಯುತ್ತೆ. ನಮ್ಮನೆಯಲ್ಲಿ ಮೊದಲು ಬೀಗರಿಗೆ ಮಾತ್ರ ಬೆಲ್ಲದ ಚಹಾ ಮಾಡ್ತಿದ್ದರಂತೆ. ಈಗ ಒಗ್ಗಾಣಿ ಮಿರ್ಚಿ ಜೊತೆ ಒಂದು, ಗಿರಣಿ ಹತ್ತಿರ ಒಂದು, ಯಾರು ಬಂದರೂ ಒಂದು. ಅಪ್ಪ ದಿನಕ್ಕೆ ಆರು ಕುಡೀತಿದ್ದರು, ಎರಡೆರಡು ಚಮಚ ಸಕ್ಕರೆ. 60 ಗ್ರಾಂ ಸಕ್ಕರೆ, 240 ಕ್ಯಾಲೊರಿ, ಹಾಲು ಬೇರೆ.

ಹಸಿರು ಚಹಾ ಕೂಡ ನಾವು ತಿಳಿದಷ್ಟು ಹೊಸದಲ್ಲ. ಹತ್ತೊಂಬತ್ತನೇ ಶತಮಾನದಲ್ಲೇ ಹಿಮಾಚಲದ ಕಾಂಗ್ರಾದಲ್ಲಿ ಮಾಡಿ ಅಫ್ಘಾನಿಸ್ತಾನದ ಕಡೆಗೆ ಮಾರ್ತಿದ್ದರು. ಗಿಡ ಒಂದೇ. ಎಲೆಯನ್ನ ಕಪ್ಪಾಗೋಕೆ ಬಿಡದೆ ತಕ್ಷಣ ಬಿಸಿ ತಾಗಿಸಿದರೆ ಅದರಲ್ಲಿರೋ ಕ್ಯಾಟೆಚಿನ್ ಅನ್ನೋ ಅಂಶ ಉಳಿಯುತ್ತೆ, ಅಷ್ಟೇ ವ್ಯತ್ಯಾಸ. ತೂಕ ಇಳಿಸೋ ಕೀರ್ತಿ ಬಂದದ್ದಕ್ಕೆ ಒಂದು ಮುಖ್ಯ ಕಾರಣ 1999ರಲ್ಲಿ ಅಬ್ದುಲ್ ಡುಲ್ಲೂ ತಂಡ ಜಿನೀವಾದಲ್ಲಿ ಮಾಡಿದ ಪ್ರಯೋಗ. ಗ್ರೀನ್ ಟೀ ಸಾರ ಕೊಟ್ಟಾಗ ಮೈ ಖರ್ಚು ಮಾಡೋ ಶಕ್ತಿ ದಿನಕ್ಕೆ ಶೇ. 4ರಷ್ಟು ಹೆಚ್ಚಿತ್ತು. ಪ್ರಯೋಗದಲ್ಲಿ ಇದ್ದದ್ದು ಹತ್ತೇ ಜನ ಗಂಡಸರು. ಅಲ್ಲಿಂದ ಜಾಹೀರಾತುಗಳು ಹಾರಿದವು. 2012ರಲ್ಲಿ ಕೊಕ್ರೇನ್ ಸಂಸ್ಥೆ ಅಲ್ಲಿಯವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟು ಸೇರಿಸಿ ನೋಡಿತು. ಜಪಾನಿನ ಹೊರಗೆ ನಡೆದ ಆರು ಪ್ರಯೋಗಗಳಲ್ಲಿ ಇಳಿದ ತೂಕದ ಸರಾಸರಿ ವ್ಯತ್ಯಾಸ 0.04 ಕೆ.ಜಿ. ಅಂದ್ರೆ 40 ಗ್ರಾಂ! ಒಂದು ಮಿರ್ಚಿ ಇದಕ್ಕಿಂತ ಹೆಚ್ಚು ತೂಗುತ್ತೆ. ಇದರ ಸಾರವನ್ನ ಮಾತ್ರೆ ಮಾಡಿ ನುಂಗೋದಂತೂ ಬೇಡವೇ ಬೇಡ. ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಇಜಿಸಿಜಿ ಇದ್ದರೆ ಲಿವರ್‌ಗೆ ತೊಂದರೆಯ ಸೂಚನೆ ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಎಚ್ಚರಿಸಿದೆ. ರಕ್ತ ಕಡಿಮೆ ಇರೋ ಹೆಂಗಸರು ಯಾವ ಚಹಾವನ್ನೂ ಊಟದ ಜೊತೆ ಕುಡೀಬಾರದು, ಕಬ್ಬಿಣಾಂಶ ಹೀರೋದನ್ನ ಅದು ತಡೆಯುತ್ತೆ.

ಹಾಗಂತ ನಾನು ಡಬ್ಬಿ ಎಸೆದಿಲ್ಲ. ಆರು ಸಕ್ಕರೆ ಚಹಾದ ಜಾಗದಲ್ಲಿ ನಾಲ್ಕು ಗ್ರೀನ್ ಟೀ ಕುಡಿದರೆ ಲಾಭ ಖಂಡಿತ ಇದೆ. ಲಾಭ ಅದರಲ್ಲಿ ಇರೋದರಿಂದಲ್ಲ, ಅದರಲ್ಲಿ ಇಲ್ಲದಿರೋ ಸಕ್ಕರೆಯಿಂದ.

ಅನ್ನ ಬಿಟ್ಟು ಜೋಳದ ರೊಟ್ಟಿಗೆ ಹೋದರೆ? ನಾನೂ ಅದೇ ಉತ್ಸಾಹದಲ್ಲಿದ್ದೆ. ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ 2023ರಲ್ಲಿ ದೇಶದಲ್ಲಿ ಶೇ. 11.4 ಜನಕ್ಕೆ ಸಕ್ಕರೆ ಕಾಯಿಲೆ, ಶೇ. 39.5 ಜನಕ್ಕೆ ಹೊಟ್ಟೆಯ ಬೊಜ್ಜು ಅಂತ ಹೇಳಿತ್ತು. ಅವರದೇ 2025ರ ವರದಿ ನನ್ನ ಉತ್ಸಾಹಕ್ಕೆ ತಣ್ಣೀರು ಎರಚಿತು. ನಮ್ಮ ಕ್ಯಾಲೊರಿಯಲ್ಲಿ ಶೇ. 62ರಷ್ಟು ಕಾರ್ಬೋಹೈಡ್ರೇಟಿನಿಂದ ಬರ್ತಿದೆ, ಒಟ್ಟು ಪ್ರಮಾಣ ಇಳಿಸದೆ ಬಿಳಿ ಅಕ್ಕಿ ಬದಲು ಗೋಧಿ ಅಥವಾ ಸಿರಿಧಾನ್ಯದ ಹಿಟ್ಟು ಹಾಕಿದರೆ ಅಪಾಯ ಇಳಿದದ್ದು ಕಾಣಲಿಲ್ಲ. ಅದರ ಒಂದು ಭಾಗವನ್ನ ಬೇಳೆಕಾಳು, ಹಾಲು ಮೊಸರಿನ ಪ್ರೋಟೀನಿಗೆ ಬದಲಿಸಿದಾಗ ಅಪಾಯ ಕಡಿಮೆ ಇತ್ತು. ಕಾರ್ನಿಶ್ ಸಾಹೇಬರು ಮತ್ತೆ ನೆನಪಾದರು. ಸಂಗನಕಲ್ಲಿನ ಹುರುಳಿಯೂ.

ಈಗ ನಾನು ತಟ್ಟೆಯಲ್ಲಿ ಅನ್ನ ಅರ್ಧ ಮಾಡಿದ್ದೀನಿ, ಕಾಳು ಎರಡರಷ್ಟು. ಊಟ ಆದಮೇಲೆ ಇಪ್ಪತ್ತು ನಿಮಿಷ ನಡೀತೀನಿ. ಆರು ತಿಂಗಳಿಗೆ ಸೊಂಟ 91ಕ್ಕೆ ಬಂದಿದೆ. ಮನೆಯಲ್ಲಿ ಈ ಮಾತು ಎತ್ತೋದು ಮಾತ್ರ ಕಷ್ಟ. ಆರೆಕರೆ ಭತ್ತ ಬೆಳೆಯೋ ಮನೆಯಲ್ಲಿ ಕೂತು ಅನ್ನ ಕಡಿಮೆ ಮಾಡಿ ಅಂತ ಹ್ಯಾಗೆ ಹೇಳೋದು? 2024ರ ಆಗಸ್ಟಿನಲ್ಲಿ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋದಾಗ ಅಪ್ಪ ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ. ಮಾತ್ರೆ ತಪ್ಪದೆ ತಗೊಳ್ಳಿ, ಚಹಾದ ಸಕ್ಕರೆ ಬಿಡಿ, ರಾತ್ರಿ ಎರಡು ರೊಟ್ಟಿ ಪಲ್ಯ ಸಾಕು ಅಂತ ಒಪ್ಪಿಸಿದ್ದೀನಿ. ಅಮ್ಮ ಹುರುಳಿಕಾಳು ಮತ್ತೆ ನೆನೆಹಾಕ್ತಿದ್ದಾಳೆ.

ರೊಟ್ಟಿಗೆ ಜೋಳ ಅಂಗಡಿಯಿಂದ ತರಬೇಕು. ಹಿಂದಿನ ವಾರ ಫೋನಲ್ಲಿ ಕೇಳಿದೆ, ಒಂದೆಕರೆ ನಮ್ಮ ಹೊಲದಲ್ಲೇ ಬಿತ್ತಬಾರದಾ ಅಪ್ಪ ಅಂತ.

"ಸುತ್ತಾ ನೆಲ್ಲು ಹಾಕ್ಯಾರ. ಅವರ ಗದ್ದಿ ನೀರು ಬಸದು ನಮ್ಮದು ಜವಳು ಆಗೈತಿ, ಜ್ವಾಳದ ಬೇರು ಕೊಳೀತಾವ. ಇನ್ನ ಬೆಳದ್ರೂ ಇಡೀ ಸೀಮಿಗೆ ಒಂದೇ ಜ್ವಾಳದ ಹೊಲ ಅಂದ್ರ ಎಲ್ಲಾ ಗಿಣಿನೂ ಅಲ್ಲಿಗೇ ಬರ್ತಾವ. ಕವಣಿ ಹಿಡಕೊಂಡು ಅಟ್ಟದ ಮ್ಯಾಲೆ ಕುಂದ್ರಾಕ ನೀ ಬರ್ತೀಯೇನು?"

ವರ್ಕ್ ಫ್ರಮ್ ಹೋಮ್ ಕೇಳಿ ನೋಡ್ತೀನಿ ಅಂದೆ. ಅಪ್ಪ ಫೋನ್ ಇಟ್ಟರು.